ವ್ಯಾನಿನ ಬಗ್ಗೆ ಮೂರು ಕಾರಣ

ಐದನೇ ತರಗತಿಯ ಮಕ್ಕಳು ತಮ್ಮ ಟೀಚರನ್ನು ಬೆನ್ನ ಹಿಂದೆ 'ಯಾಕೆ ಮಿಸ್' ಎಂದು ಕರೆಯುತ್ತಿದ್ದರು. ಯಾರು ಏನೇ ಹೇಳಲಿ, ಅವರ ಬಾಯಿಂದ ಮೊದಲು ಬರುತ್ತಿದ್ದದ್ದು ಅದೇ ಮಾತು. ಅಭಿಪ್ರಾಯ ಬರೆಯುವುದನ್ನು ಕಲಿಸುವಾಗಲಂತೂ ಬಿಡುತ್ತಲೇ ಇರಲಿಲ್ಲ.

"ನಿನಗೇನು ಅನ್ಸುತ್ತೆ ಅಂತ ಮೊದಲ ಸಾಲಲ್ಲಿ ಬರಿ. ಆಮೇಲೆ ಮೂರು ಕಾರಣ ಕೊಡು. 'ಎಲ್ರೂ ಹಾಗೇ ಅಂತಾರೆ' ಅನ್ನೋದು ಕಾರಣ ಅಲ್ಲ. ನೀನೇ ಕಣ್ಣಾರೆ ಕಂಡಿದ್ದು ಬೇಕು, ಎಣಿಸಿದ್ದು ಬೇಕು."

ಆ ಬುಧವಾರ ಊಟದ ಬಿಡುವಿನಲ್ಲಿ ಅವರು ಸ್ಟಾಫ್ ರೂಮಿನ ಕಿಟಕಿ ಪಕ್ಕ ಕೂತು ನೋಟ್‌ಬುಕ್ ತಿದ್ದುತ್ತಿದ್ದರು. ಸೋಮವಾರವೂ ರಜೆ ಬೇಕು, ಯಾಕೆಂದರೆ ಭಾನುವಾರ ಆಡಿ ಆಡಿ ಸುಸ್ತಾಗಿರುತ್ತದೆ ಎಂದು ಒಬ್ಬ ಬರೆದಿದ್ದ. ಟೀಚರ್ ನಗುತ್ತಲೇ ಮುಂದಿನ ಪುಸ್ತಕ ತೆರೆದರು. ಅದು ಮೂರನೇ ಬೆಂಚಿನ, ಮಾತು ಕಡಿಮೆಯ ಹುಡುಗಿಯದು.

'ನಮ್ಮ ವ್ಯಾನಿನಲ್ಲಿ ಶಾಲೆಗೆ ಬರಬಾರದು ಎಂದು ನನ್ನ ಅಭಿಪ್ರಾಯ. ಒಂದನೇ ಕಾರಣ, ಡ್ರೈವರ್ ಅಂಕಲ್ ಕಣ್ಣು ಮುಚ್ಚುತ್ತಾರೆ. ಕನ್ನಡಿಯಲ್ಲಿ ನೋಡಿ ಎಣಿಸಿದ್ದೇನೆ. ಸೋಮವಾರ ಎರಡು ಸಲ, ಮಂಗಳವಾರ ನಾಲ್ಕು ಸಲ. ಎರಡನೇ ಕಾರಣ, ಆಗ ವ್ಯಾನು ಪಕ್ಕಕ್ಕೆ ಸರಿಯುತ್ತದೆ. ಮೂರನೇ ಕಾರಣ, ಆ ಪಕ್ಕದಲ್ಲಿ ಲಾರಿಗಳು ಬರುತ್ತವೆ.'

ಟೀಚರ್ ಪೆನ್ನು ಕೆಳಗಿಟ್ಟರು. ಆ ಡ್ರೈವರ್ ಬೇರೆ ಯಾರೂ ಅಲ್ಲ, ಅವರ ಸ್ವಂತ ಮೈದುನ. ಎರಡು ವರ್ಷದ ಹಿಂದೆ ಹೆಡ್‌ಮಾಸ್ಟರ ಹತ್ತಿರ ಹೋಗಿ, "ನಮ್ಮ ಹುಡುಗ ಸರ್, ತುಂಬಾ ಜವಾಬ್ದಾರಿ" ಎಂದು ಈ ಕೆಲಸ ಕೊಡಿಸಿದ್ದೂ ಅವರೇ.

ಮಗು ಏನೋ ಕಲ್ಪಿಸಿಕೊಂಡಿರಬೇಕು ಎಂದುಕೊಂಡರು. ಆದರೆ ಎರಡು, ನಾಲ್ಕು ಎಂದು ಲೆಕ್ಕ ಕೊಟ್ಟವಳನ್ನು ಸುಳ್ಳು ಅನ್ನುವುದು ಹೇಗೆ? ಮನೆಯಲ್ಲಿ ಬಾಯಿ ಬಿಡಲು ಧೈರ್ಯ ಬರಲಿಲ್ಲ. ಅತ್ತೆಗೆ ಕಿರಿಮಗನೆಂದರೆ ಪ್ರಾಣ. ಸಂಜೆ ಅವನು ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದುದನ್ನು ಟೀಚರ್ ಮೊದಲ ಸಲ ನೋಡಿದಂತೆ ನೋಡಿದರು. ಇಷ್ಟು ದಿನ ಎಲ್ಲರೂ ಅದಕ್ಕೆ ನಗುತ್ತಿದ್ದರು.

ಮರುದಿನ ಬೆಳಿಗ್ಗೆ, "ಇವತ್ತು ನಿನ್ನ ಜೊತೇನೇ ಬರ್ತೀನಪ್ಪ, ಕಾಲು ನೋಯ್ತಿದೆ" ಎಂದು ಮುಂದಿನ ಸೀಟು ಹತ್ತಿದರು. ಮೈದುನನ ಮುಖ ಸಣ್ಣಗಾಯಿತು. "ಬನ್ನಿ ಅತ್ತಿಗೆ" ಎಂದ, ಅಷ್ಟೇ.

ಮನೆಮನೆ ಮುಂದೆ ನಿಂತು ವ್ಯಾನು ಹದಿಮೂರು ಮಕ್ಕಳನ್ನು ತುಂಬಿಕೊಂಡಿತು. ಹಿಂದೆ ಗಲಾಟೆಯೋ ಗಲಾಟೆ. ಆ ಹುಡುಗಿ ಮಾತ್ರ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಪೆಟ್ರೋಲ್ ಬಂಕ್ ದಾಟಿತು, ಏನೂ ಆಗಲಿಲ್ಲ. ಮರದ ಡಿಪೋ ದಾಟಿತು. ಟೀಚರ್ ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ಸ್ಟೀರಿಂಗ್ ಮೇಲಿದ್ದ ಬೆರಳುಗಳು ಸಡಿಲವಾದವು. ಮೈದುನನ ಗದ್ದ ಎದೆಗೆ ಬಾಗಿತು. ವ್ಯಾನು ಬಿಳಿ ಗೆರೆ ದಾಟಿ ಮೆಲ್ಲಗೆ ಆಚೆ ಸರಿಯಿತು. ಎದುರಿಗೆ ಲಾರಿಯ ಹಾರನ್ ಕೂಗಿತು.

"ಲೋ!" ಟೀಚರ್ ಕಿರುಚಿ ಸ್ಟೀರಿಂಗ್ ಎಳೆದರು. ಅವನು ಬೆಚ್ಚಿಬಿದ್ದು ಬ್ರೇಕ್ ಒತ್ತಿದ. ಲಾರಿ ವ್ಯಾನಿನ ಹೊರಗಿನ ಕನ್ನಡಿಯನ್ನು ಸವರಿಕೊಂಡೇ ಹೋಯಿತು.

ಟೀಚರ್ ಕೀಲಿ ಕಿತ್ತುಕೊಂಡರು. ಮಕ್ಕಳನ್ನು ಇಳಿಸಿ ರಸ್ತೆ ಬದಿಗೆ ಸಾಲಾಗಿ ನಿಲ್ಲಿಸಿದರು. ಒಂದು ಸಲ ಎಣಿಸಿದರು. ನಂಬಿಕೆ ಬರದೆ ಮತ್ತೆ ಎಣಿಸಿದರು. ಹದಿಮೂರು.

"ನಂಗೂ ಗೊತ್ತು ಅತ್ತಿಗೆ," ಮೈದುನ ಟೈರಿಗೆ ಒರಗಿ ಕೂತು ಹೇಳಿದ. "ಮೂರು ತಿಂಗಳಾಯ್ತು. ರಾತ್ರಿಯಿಡೀ ಮಲಗಿದ್ರೂ ಹೀಗೇ. ಕಣ್ಣು ಮುಚ್ಚಿದ್ದೇ ಗೊತ್ತಾಗಲ್ಲ. ದಿನಾ ಬೆಳಿಗ್ಗೆ ಕೀಲಿ ಮುಟ್ಟೋಕೆ ಭಯ."

"ಗೊತ್ತಿದ್ದೂ ಓಡಿಸ್ತಿದ್ಯಾ? ಹೇಳೋಕೆ ಏನಾಗಿತ್ತು?"

"ಕೆಲಸ ಹೋಗುತ್ತೆ. ಅದೂ ಅಲ್ಲದೆ, ನನ್ನ ಸೇರಿಸಿದ್ದು ನೀವು. ನಿಮ್ಮ ಮಾನ ಹೋಗುತ್ತೆ ಅಂತ."

ಟೀಚರಿಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಉಳಿದ ದಾರಿ ಮಕ್ಕಳನ್ನು ಕೈ ಕೈ ಹಿಡಿಸಿ ನಡೆಸಿಕೊಂಡು ಹೋದರು. ಹೆಡ್‌ಮಾಸ್ಟರ ಮುಂದೆ ಹೋಗಿ ನಿಂತರು. "ಅವನು ವ್ಯಾನ್ ಓಡಿಸಬಾರದು ಸರ್. ಶಿಫಾರಸು ಮಾಡಿದ್ದು ನಾನೇ, ತಪ್ಪು ನಂದೂ ಇದೆ," ಎಂದು ಕಂಡದ್ದನ್ನೆಲ್ಲ ಹೇಳಿ, ಹುಡುಗಿಯ ಪುಸ್ತಕವನ್ನೂ ಮೇಜಿನ ಮೇಲಿಟ್ಟರು. ಹೆಡ್‌ಮಾಸ್ಟರು ಎರಡು ಸಲ ಓದಿ ಕನ್ನಡಕ ತೆಗೆದರು. "ನನ್ನ ಮೊಮ್ಮಗನೂ ಅದೇ ವ್ಯಾನಲ್ಲಿ ಬರ್ತಾನಮ್ಮ" ಎಂದರು.

ಟೀಚರ ಕೆಲಸ ಉಳಿಯಿತು. ಮೈದುನನದು ಅವತ್ತೇ ಹೋಯಿತು. ನಿದ್ದೆಯಲ್ಲಿ ಅವನ ಉಸಿರು ಪದೇ ಪದೇ ಕಟ್ಟುತ್ತದೆ, ಅದಕ್ಕೇ ಹಗಲಲ್ಲಿ ಹೀಗಾಗುತ್ತದೆ ಎಂದರು ಡಾಕ್ಟರು. ಚಿಕಿತ್ಸೆ ಶುರುವಾಯಿತು. ಈಗ ಅವನು ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾನೆ. ಅತ್ತೆ ಐದು ತಿಂಗಳು ಸೊಸೆಗೆ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೂ ಅಳೆದು ತೂಗಿಯೇ ಮಾತು.

ಹೊಸ ಡ್ರೈವರ್ ಬಂದ ವಾರ ಹುಡುಗಿ ಟೀಚರ ಮೇಜಿನ ಬಳಿ ಬಂದು ನಿಂತಳು. "ನಾನು ಬರೆದಿದ್ದಕ್ಕೇ ಅಂಕಲ್ ಹೋದ್ರಾ ಮಿಸ್?"

ಸುಳ್ಳು ಹೇಳಲು ಟೀಚರಿಗೆ ಮನಸ್ಸಾಗಲಿಲ್ಲ. "ಹೌದು ಪುಟ್ಟಾ. ನೀನು ಬರೆದಿದ್ದಕ್ಕೇ ಡಾಕ್ಟರ ಹತ್ರ ಹೋದ್ರು."

ಹುಡುಗಿ ತಲೆಯಾಡಿಸಿ ಜಾಗಕ್ಕೆ ಹೋದಳು. ಟೀಚರ್ ಮಾತ್ರ ಇಂದಿಗೂ ಬೆಳಿಗ್ಗೆ ಗೇಟಿನಲ್ಲಿ ನಿಂತು, ಕೊನೆಯ ಮಗು ಇಳಿಯುವವರೆಗೂ ಕದಲುವುದಿಲ್ಲ.