ಕೇಳದೆ ಹರಿದ ನೀರು

ನನ್ನ ೨೦೧೭ರ ಡೈರಿಯಲ್ಲಿ ಎರಡು ಕಾಲಂಗಳಿವೆ. ಒಂದರಲ್ಲಿ ತಾರೀಖು, ಇನ್ನೊಂದರಲ್ಲಿ ಕಾಕಾ ಫೋನಿನಲ್ಲಿ ಒತ್ತಿದ ಅಂಕಿ.

ಜುಗೂಳದ ನಮ್ಮ ಕಬ್ಬಿಗೆ ಕೃಷ್ಣೆಯ ನೀರು. ಚಿಕ್ಕೋಡಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣ ಒಂದು ಪ್ರೋಗ್ರಾಂ ಬರೆದು ಮೋಟಾರಿನ ಸ್ಟಾರ್ಟರ್ ಡಬ್ಬಿಗೆ ಜೋಡಿಸಿದ್ದ. ಮಣ್ಣಿನ ತೇವ ನೋಡಿ, ಹಿಂದಿನ ದಿನಗಳಿಂದ ಕಲಿತು, ಯಾವಾಗ ನೀರು ಬೇಕೆಂದು ಅದೇ ನಿರ್ಧರಿಸುತ್ತಿತ್ತು. ಆದರೆ ಮೊದಲು ಕಾಕಾನಿಗೆ ಕರೆ ಬರುತ್ತಿತ್ತು: ಮೋಟಾರು ಹಚ್ಚಲು ಒಂದು ಒತ್ತಿ, ಬೇಡವಾದರೆ ಎರಡು.

ಮಾರ್ಚ್ ಕೊನೆಗೆ ನನ್ನ ಕಾಲಂ ತುಂಬ ಬರೀ ಒಂದು. ಅಣ್ಣ ನೋಡಿ ನಕ್ಕ.

"ಕಾಕಾ, ಎರಡು ಎಲ್ಲೈತಿ ಅಂತಾದ್ರೂ ಗೊತ್ತೈತೇನ ನಿನಗ?"

"ಬೇಕಾದಾಗ ಹುಡುಕ್ತೀನಿ, ಬಿಡಲೇ."

ಯಾವಾಗಲೂ ಹೂಂ ಅನ್ನುವವನನ್ನು ಕೇಳುವುದೇಕೆಂದು ಅಣ್ಣ ಆ ಕರೆಯನ್ನೇ ತೆಗೆದುಹಾಕಿದ.

ಏಪ್ರಿಲ್‌ನಲ್ಲಿ ಕಾಕಾನ ತಾಯಿ, ನಮ್ಮ ಆಯಿ, ತೀರಿಕೊಂಡಳು. ಹೊಲದ ಮೂಲೆಯಲ್ಲಿ ಗಂಡನ, ಅಂದರೆ ನಮ್ಮ ಮುತ್ಯಾನ, ಸಮಾಧಿಯ ಪಕ್ಕದಲ್ಲೇ ತನ್ನನ್ನು ಮಣ್ಣು ಮಾಡಬೇಕೆಂದು ಆಕೆ ಕಾಕಾನಿಂದ ಮಾತು ತೆಗೆದುಕೊಂಡಿದ್ದಳು. ಬೆಳಿಗ್ಗೆ ಅಲ್ಲಿ ಕುಣಿ ತೋಡಿಸಿ ಮನೆಗೆ ಬಂದೆವು. ಸಾವಾದ ದಿನ ನಮ್ಮಲ್ಲಿ ಮೋಟಾರು ಹಚ್ಚುವುದಿಲ್ಲ. ಅಕ್ಕಪಕ್ಕದ ಹೊಲದವರೂ ಹಚ್ಚುವುದಿಲ್ಲ. ಅದನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಮಧ್ಯಾಹ್ನ ಆಯಿಯನ್ನು ಹೊತ್ತು ಹೋದಾಗ ಕಬ್ಬಿನ ಸಾಲುಗಳಲ್ಲಿ ನೀರು ಹರಿಯುತ್ತಿತ್ತು. ಕುಣಿ ಅರ್ಧ ತುಂಬಿತ್ತು. ಅಣ್ಣ ಫೋನಿನಿಂದ ನಿಲ್ಲಿಸಲು ನೋಡಿದ, ನೆಟ್‌ವರ್ಕ್ ಇರಲಿಲ್ಲ. ಕಾಕಾ ಮೋಟಾರಿದ್ದ ಹೊಳೆಯ ದಂಡೆಗೆ ಓಡಿದ, ಹಿಂದೆ ನಾನು. ಕೆಂಪು ಗುಂಡಿ ಒತ್ತಿದ, ಮೋಟಾರು ನಿಂತಿತು. ಬೆನ್ನು ತಿರುಗಿಸುವಷ್ಟರಲ್ಲಿ ತಾನೇ ಶುರುವಾಯಿತು. ಮತ್ತೆ ಒತ್ತಿದ, ಮತ್ತೆ ಶುರು. ಕೊನೆಗೆ ಫ್ಯೂಸ್ ಕಿತ್ತು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ವಾಪಸು ಬಂದ.

ಕೊಡಗಳಿಂದ ನೀರು ಎತ್ತಿದೆವು. ಕರಿಮಣ್ಣು ಕುಸಿಯುತ್ತಲೇ ಇತ್ತು. ಇನ್ನು ತಡ ಮಾಡಬಾರದೆಂದು ಸಂಸ್ಕಾರಕ್ಕೆ ಬಂದಿದ್ದ ಸ್ವಾಮಿಗಳು ಹೇಳಿದರು. ಮುತ್ಯಾನಿಂದ ದೂರ, ರಸ್ತೆ ಕಡೆಯ ಎತ್ತರದ ಜಾಗದಲ್ಲಿ ಬೇರೆ ಕುಣಿ ತೋಡಿ, ನಮ್ಮ ಪದ್ಧತಿಯಂತೆ ಆಯಿಯನ್ನು ಕೂರಿಸಿ ಮಣ್ಣು ಮಾಡಿದೆವು.

ಮನೆಗೆ ಬಂದ ಮೇಲೆ ಅಣ್ಣ ಮೆಲ್ಲಗೆ ಅಂದ, "ಕಾಕಾ, ನೀ ಒಮ್ಮೆನೂ ಬ್ಯಾಡ ಅಂದಿದ್ದಿಲ್ಲ."

"ಅಂದಿದ್ದಿಲ್ಲ, ಖರೆ. ಆದ್ರ ಅದು ಕೇಳ್ತಿತ್ತಲ್ಲೋ."

ಮರುವಾರ ಅಣ್ಣ ಆ ಕರೆಯನ್ನು ಮತ್ತೆ ಹಾಕಿದ. ಕೆಂಪು ಗುಂಡಿ ಒತ್ತಿದರೆ, ಕಾಕಾ ಹಚ್ಚುವವರೆಗೆ ಮೋಟಾರು ನಿಂತೇ ಇರುವಂತೆಯೂ ಮಾಡಿದ. ಫೋನು ಬರುತ್ತಿತ್ತು. ಕಾಕಾ ಅದನ್ನು ಕಟ್ಟೆಯ ಮೇಲಿಟ್ಟು, ರಿಂಗಾಗುವುದನ್ನು ಕೇಳುತ್ತ ಕೂರುತ್ತಿದ್ದ. ಒಂದೂ ಒತ್ತುತ್ತಿರಲಿಲ್ಲ, ಎರಡೂ ಒತ್ತುತ್ತಿರಲಿಲ್ಲ. ಅದು ಸುಮ್ಮನಾದ ಮೇಲೆ ಎದ್ದು, ಆಯಿ ಇರುವ ರಸ್ತೆ ಕಡೆಯ ಹಾದಿ ಬಿಟ್ಟು, ಸುತ್ತು ಹಾಕಿ, ತಾನೇ ಮೋಟಾರು ಹಚ್ಚಲು ಹೊಳೆಗೆ ನಡೆಯುತ್ತಿದ್ದ. ನಾನು ತಾರೀಖು ಬರೆದು ಪಕ್ಕದ ಕಾಲಂ ಖಾಲಿ ಬಿಡುತ್ತಿದ್ದೆ.