ಪುಟಾಣಿ ತೂರಿದ ಕಾಲು

ನಿನ್ನೆ ನೀರು ತುಂಬಿದೆ, ಹಿತ್ತಲು ಸಾರಿಸಿದೆ, ಗರಗದ ಖಾದಿಯ ಎರಡು ಕುಬಸ ಹೊಲಿದೆ, ಭಟ್ಟಿಯಿಂದ ಬಂದ ಪುಟಾಣಿಯಲ್ಲಿ ಕಲ್ಲು ಆರಿಸಿದೆ. ಹುರಿದ ಕಡಲೆಸಿಪ್ಪೆಯ ವಾಸನೆ ಮೂಗಿಗೆ ಹತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಗಂಗವ್ವ ಬಂದು ಕಟ್ಟೆಯ ಮೇಲೆ ಕುಳಿತಳು.

"ನಿಮ್ಮ ಮನಿಯವ್ರು ಭಾಳ ಶಾಣ್ಯಾರ ಬಿಡ್ರಿ. ಹೆಂಗಸರ ತ್ರಾಸ ನೋಡಲಾರದ ಆ ತೂರೋ ಮಶೀನ ಮಾಡ್ಯಾರ."

ಈ ಮಾತನ್ನು ಎಷ್ಟೋ ವರ್ಷ ನಕ್ಕು ನುಂಗಿದ್ದೇನೆ. ನಿನ್ನೆ ನುಂಗಲಾಗಲಿಲ್ಲ. ನೀವೂ ಕೇಳಿರಿ.

ಹುಬ್ಬಳ್ಳಿಯಲ್ಲಿ ನಮ್ಮದು ಕಡಲೆ ಹುರಿದು ಪುಟಾಣಿ ಮಾಡುವ ಭಟ್ಟಿ. ಹುರಿದ ಕಡಲೆಯನ್ನು ಬೀಸುಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುವುದು ನನ್ನ ಪಾಲಿನ ಕೆಲಸ. ಯಜಮಾನರು ಅದಕ್ಕೊಂದು ಯಂತ್ರ ಹೂಡಿದರು: ಕಟ್ಟಿಗೆಯ ಪೆಟ್ಟಿಗೆ, ಒಳಗೆ ಚಿಮಣಿ ಎಣ್ಣೆ ಡಬ್ಬಿ ಕತ್ತರಿಸಿ ಮಾಡಿದ ಪಂಖ. ಮೇಲಿನಿಂದ ಕಡಲೆ ಸುರಿದರೆ ಸಿಪ್ಪೆ ಆಚೆ ಹಾರಬೇಕು, ಬೇಳೆ ಕೆಳಗೆ ಬೀಳಬೇಕು. ಆಗಿನ್ನೂ ನಮ್ಮ ಓಣಿಗೆ ಕರೆಂಟು ಬಂದಿರಲಿಲ್ಲ. ಪಂಖವನ್ನು ಯಾರಾದರೂ ತಿರುಗಿಸಲೇಬೇಕು. ತವರಿನವರು ನನಗೊಂದು ಹೊಲಿಗೆ ಯಂತ್ರ ಕೊಟ್ಟಿದ್ದರು. ನಾನು ಸಂತೆಯಿಂದ ಬರುವಷ್ಟರಲ್ಲಿ ಅದರ ತಲೆ ಕಪಾಟಿನ ಮೇಲಿತ್ತು, ತುಳಿಯುವ ಕಾಲು ಆ ಪೆಟ್ಟಿಗೆಯ ಕೆಳಗಿತ್ತು.

"ಎಂಟು ದಿನ ಇರ್ಲಿ ತಗೋ," ಎಂದರು.

ಎಂಟು ದಿನ ವರ್ಷಗಳಾದವು. ನಾನು ಪಂಖ ತುಳಿದೆ, ಹೊಲಿಗೆಗೆ ಕೈಸೂಜಿ ಹಿಡಿದೆ. ಖಂಡೇನವಮಿಯ ಆಯುಧಪೂಜೆಗೆ ಆ ಪೆಟ್ಟಿಗೆಗೆ ಕುಂಕುಮ ಹಚ್ಚಿ ಕೈಮುಗಿದವಳೂ ನಾನೇ, ಅಂಥ ಜಾಣೆ. ಬೇಳೆಯೊಡನೆ ಸಿಪ್ಪೆ ಬಂದರೆ ಅವರು ಪಂಖದ ರೆಕ್ಕೆ ಬಾಗಿಸಿದರು. ಸಿಪ್ಪೆಯೊಡನೆ ಬೇಳೆ ಹಾರಿದರೆ ಅಡ್ಡಹಲಗೆ ಬಡಿದರು. ಸುಧಾರಣೆಯೆಲ್ಲ ಕಡಲೆಗೆ. "ತುಳಿಯೂದು ಭಾಳ ಬಿರುಸಾಗೇತ್ರಿ, ಮೊಣಕಾಲ ಹಿಡೀತಾವ," ಎಂದರೆ, "ರೂಢಿ ಆಗ್ತೈತಿ," ಎನ್ನುವರು.

ಒಮ್ಮೆ ಯಂತ್ರ ನೋಡಲು ಕೇಶ್ವಾಪುರದಿಂದ ಒಬ್ಬ ವ್ಯಾಪಾರಿ ಬಂದರು. ಪರಪುರುಷರ ಮುಂದೆ ನಾನು ಕಾಣಬಾರದೆಂದು ಹಳೆಯ ಸೀರೆಯ ಪರದೆ ಕಟ್ಟಿದರು. ನಾನು ಹಿಂದೆ ಕುಳಿತು ತುಳಿಯುತ್ತಿದ್ದೆ.

"ನೋಡ್ರಿ ಸಾವಕಾರ್ರ, ತ್ರಾಸ ಅನ್ನೂದ ಇಲ್ಲ. ಹಗೂರಕ ತಾನ ನಡೀತೈತಿ," ಎಂದರು ಯಜಮಾನರು.

ನಾನು ಕಾಲು ತೆಗೆದೆ. ಪಂಖ ನಿಂತಿತು.

"ಯಾಕ ನಿಂತಿತರಿ?" ಎಂದರು ವ್ಯಾಪಾರಿ.

"ಪಟ್ಟಾ ಜಾರಿರಬೇಕ್ರಿ."

ನಾನು ಪರದೆ ಸರಿಸಿದೆ. "ಪಟ್ಟಾ ಅಲ್ರಿ, ನಾ ನಿಂತೇನಿ. ತಾನ ನಡೀತೈತಿ ಅಂದ್ರಲ್ಲ, ನಡೀಲಿ."

ವ್ಯಾಪಾರಿ ಟೋಪಿ ಸರಿಮಾಡಿಕೊಂಡು ಎದ್ದರು. "ತಿಳೀತ ಬಿಡ್ರಿ. ನಮ್ಮ ಮನ್ಯಾಗೂ ರೊಟ್ಟಿ ತಾವ ಬೇಯತಾವ."

ಮರುದಿನ ಪಾನಾ ಹಿಡಿದು, ನಟ್ಟು ಸಡಿಲಿಸಿ, ನನ್ನ ಹೊಲಿಗೆ ಯಂತ್ರದ ಕಾಲನ್ನು ನಾನೇ ಬಿಚ್ಚಿಕೊಂಡೆ. ಯಜಮಾನರು ಪಂಖಕ್ಕೆ ಹಿಡಿಕೆ ಹಾಕಿ ತಾವೇ ತಿರುಗಿಸಿದರು. ಮಧ್ಯಾಹ್ನಕ್ಕೆ ಹೆಗಲು ತಿಕ್ಕಿಕೊಂಡರು. ಅದೇ ವಾರ ಸೈಕಲ್ಲಿನ ಬೇರಿಂಗು ಬಂತು, ಗ್ರೀಸು ಬಂತು, ದೊಡ್ಡ ಗಾಲಿ ಬಂತು. ಯಂತ್ರ ಹೂವಿನಷ್ಟು ಹಗುರಾಯಿತು. ಬೇರಿಂಗು ಮೊದಲೂ ಅಂಗಡಿಯಲ್ಲಿ ಸಿಗುತ್ತಿತ್ತು. ಅವರಿಗೆ ಆ ವಿದ್ಯೆ ಮೊದಲೂ ಗೊತ್ತಿತ್ತು. ನನ್ನ ಸಿಟ್ಟು ಇದೇ ನೋಡಿ: ನನ್ನ ಮೊಣಕಾಲಿಗಾಗಿ ಹೊಳೆಯದ್ದು ಅವರ ಹೆಗಲಿಗಾಗಿ ಒಂದೇ ವಾರದಲ್ಲಿ ಹೊಳೆಯಿತು.

ಇದನ್ನೆಲ್ಲ ಗಂಗವ್ವನಿಗೆ ಹೇಳಿದೆ, ಒಳಗಿದ್ದ ಯಜಮಾನರಿಗೆ ಕೇಳುವ ಹಾಗೆಯೇ. "ಹೆಂಗಸರ ತ್ರಾಸ ಅಲ್ಲ ಗಂಗವ್ವ, ತಮ್ಮ ಹೆಗಲಿನ ತ್ರಾಸ ನೋಡಲಾರದ ಮಾಡ್ಯಾರ."

ಅವರು ಬಾಗಿಲಿಗೆ ಬಂದು ನಿಂತರು. "ಖರೇ ಐತಿ ಗಂಗವ್ವ," ಎಂದು ಒಳಗೆ ಹೋದರು.

ಅಷ್ಟಕ್ಕೆ ನನ್ನ ಸಿಟ್ಟು ಇಳಿಯಲಿಲ್ಲ. ಆದರೆ ಅದನ್ನು ಇನ್ನು ಮುಚ್ಚಿಡಬೇಕಾಗಿಲ್ಲ. ರಾತ್ರಿ ರೊಟ್ಟಿ, ಎಣ್ಣೆಗಾಯಿ, ಮೊಸರು ಉಂಡೆವು. ತಾಟುಗಳನ್ನು ತೊಳೆಯದೆ ಬಚ್ಚಲಲ್ಲಿ ಹಾಗೆಯೇ ಬಿಟ್ಟು ಅವರಿಗಿಂತ ಮೊದಲು ಮಲಗಿದವಳು ನಾನು.