ಸವೆದ ಹನ್ನೊಂದು

ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಧಾರವಾಡದಿಂದ ಬಿಡಿಸಿ ಗದಗವನ್ನು ಹೊಸ ಜಿಲ್ಲೆ ಮಾಡಿದ ಹೊತ್ತಿನಲ್ಲಿ ನಾನೂ ಒಂದು ಹೊಸ ಭಾಷೆಯನ್ನು ಮಾಡಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದವನಿಗೆ ಜಗತ್ತು ತಿದ್ದಲೆಂದೇ ಬಿದ್ದಿರುವ ಕರಡುಪ್ರತಿಯಂತೆ ಕಾಣುತ್ತದೆ. ಜಾತಿಯೂ ಧರ್ಮವೂ ಇಲ್ಲದ, ನಿಯಮಕ್ಕೆ ಒಂದೇ ಒಂದು ಅಪವಾದವೂ ಇಲ್ಲದ ನುಡಿ ಬೇಕೆಂದು ಹೊರಟೆ.

ಮೊದಲು ಕೈಯಿಟ್ಟದ್ದು ಎಣಿಕೆಗೆ. ಕನ್ನಡದ ಮೇಲೆ ನನಗಿದ್ದ ದೊಡ್ಡ ದೂರೇ ಅದು: ಹತ್ತರ ಪಕ್ಕ ಒಂದು ಕುಳಿತರೆ ಹತ್ತೊಂದು ಆಗಬೇಕು, ಹನ್ನೊಂದು ಏಕೆ? ಹಳಗನ್ನಡದಲ್ಲಿ ಇರ್ಪತ್ತು ಎನ್ನುತ್ತಿದ್ದ ಹಿರಿಯರು ಇಪ್ಪತ್ತಿಗೆ ಏಕೆ ಇಳಿದರು? ನನ್ನ ಭಾಷೆಯಲ್ಲಿ ಪಾ ಎಂದರೆ ಒಂದು, ಲುಮ ಎಂದರೆ ಹತ್ತು, ಲುಮಪಾ ಎಂದರೆ ಹನ್ನೊಂದು. ಮುಗಿಯಿತು.

ಅದನ್ನು ಕಲಿತವನು ಒಬ್ಬನೇ, ಸಹಪಾಠಿ ಮೌಲಾಸಾಬ. ನಾನು ಶಿಗ್ಲಿಯಲ್ಲಿ ಮಾಸ್ತರನಾಗಿ ಅದರ ವ್ಯಾಕರಣ ಬರೆಯುತ್ತ ಕುಳಿತೆ. ಅವನು ಬೆಟಗೇರಿಯಲ್ಲಿ ಅಪ್ಪನ ಮಗ್ಗಕ್ಕಿಳಿದು, ದಿನವಿಡೀ ನೂಲಿನ ಎಳೆಗಳನ್ನು ನಮ್ಮ ಭಾಷೆಯಲ್ಲೇ ಎಣಿಸಿದ. ಕೆಲವೇ ವರ್ಷಗಳಲ್ಲಿ ಅವನ ಲುಮಪಾ ಲುಂಪಾ ಆಗಿ, ಕಡೆಗೆ ಲುಪ್ಪ ಆಯಿತು. ನಾನು ಸಿಡಿದೆ.

"ಲೇ ಪಂಡಿತ, ದಿನಾ ಮೆಟ್ಟಿದ ಚಪ್ಪಲಿ ಸವಿಯಾಂಗಿಲ್ಲೇನು? ನಿಂದು ಪೆಟಿಗ್ಯಾಗ ಐತಿ, ಅದಕ್ಕ ಹೊಸಾದು!" ಎಂದು ನಕ್ಕ.

ಭಾಷಾಶಾಸ್ತ್ರವೂ ಇದನ್ನೇ ಹೇಳುತ್ತದೆ. ಹೆಚ್ಚು ಬಳಸಿದ ಪದವೇ ಹೆಚ್ಚು ಸವೆಯುತ್ತದೆ. ನಿಯಮ ಮುರಿದ ಪ್ರತಿ ಎಣಿಕೆಯ ಹಿಂದೆ ಯಾರದೋ ಅವಸರದ ಬಾಯಿ, ಯಾರದೋ ದುಡಿಮೆ ಇರುತ್ತದೆ. ಓದಿ ತಿಳಿದಿದ್ದೆ, ಒಪ್ಪಿರಲಿಲ್ಲ.

ಅವನ ಗಂಟಲಲ್ಲಿ ಗಡ್ಡೆಯೆದ್ದಿತು. ಧ್ವನಿಪೆಟ್ಟಿಗೆಯನ್ನು ತೆಗೆಯಬೇಕಾಗಿದ್ದ ಮುಂಜಾನೆ ಆಸ್ಪತ್ರೆಯಲ್ಲಿ ಮಗಳು ಶಬಾನಾಳನ್ನು ಮಂಚದ ಬದಿಗೆ ಕರೆದ.

"ಬಾ ಬೇಟಾ, ಕುಂಡ್ರು. ನಮ್ಮ ಎಣಿಕಿ ಇಪ್ಪತ್ತರ ತನಕ ಜಲ್ದಿ ಕಲಸ್ತೇನಿ. ಆಮ್ಯಾಲೆ ಅಬ್ಬಾಗ ದನಿ ಇರಾಂಗಿಲ್ಲ."

ತೇಕುತ್ತ ಹತ್ತು ದಾಟಿದ. "ಲುಪ್ಪ," ಎಂದ. ಅವಳೂ "ಲುಪ್ಪ" ಎಂದಳು.

"ಲುಮಪಾ," ಎಂದೆ ಪಕ್ಕದಲ್ಲಿದ್ದ ನಾನು. ತಿದ್ದುವ ನಾಲಗೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಅವನು ನನ್ನತ್ತ ತಿರುಗಿದ. ಕಣ್ಣಲ್ಲಿ ದಣಿವಿತ್ತು. "ಆತು. ನೀ ಹೇಳಿದ್ದ ಖರೆ. ಉಳಿದದ್ದು ನೀನ ಕಲಸು," ಎಂದ. ಎಣಿಕೆ ಹನ್ನೊಂದಕ್ಕೇ ನಿಂತಿತು. ಗಾಲಿಮಂಚ ಬಂತು.

ಆಮೇಲೆ ಎರಡು ತಿಂಗಳು ಮೂಕನಾಗಿ ಬದುಕಿ, ಹೋದ.

ಈಚೆಗೆ ಶಬಾನಾ ಮನೆಗೆ ಬಂದು, ಹನ್ನೆರಡಕ್ಕೆ ಅಬ್ಬಾ ಏನೆನ್ನುತ್ತಿದ್ದರೆಂದು ಕೇಳಿದಳು. ನನಗೆ ತಿಳಿಯದು. ಅಷ್ಟು ವರ್ಷ ತಿದ್ದುವುದರಲ್ಲೇ ಇದ್ದ ನಾನು ಅವನನ್ನು ಕೇಳಿಸಿಕೊಂಡಿರಲಿಲ್ಲ. ವ್ಯಾಕರಣ ತೆರೆದು, ಅಲ್ಲಿದ್ದ ನಿರ್ದೋಷವಾದ ಪದವನ್ನು ಓದಿ ಹೇಳಿದೆ.

ಆಕೆ ಅದನ್ನು ಎರಡು ಸಲ ನುಡಿದು ನೋಡಿ, ಅಲ್ಲವೆಂದು ತಲೆಯಾಡಿಸಿದಳು. "ಇದು ಅಬ್ಬಾಂದು ಅಲ್ರಿ, ಕಾಕಾ."